ಮೀನಿಗಿಂತ ಮೊದಲು ಬರಬೇಕಾದವರು

ಗಾಜಿನ ತೊಟ್ಟಿ, ಜಲ್ಲಿ, ಫಿಲ್ಟರ್, ಹತ್ತಾರು ಬಣ್ಣದ ಮೀನು ಎಲ್ಲವನ್ನೂ ಒಂದೇ ಸಂಜೆ ಅಂಗಡಿಯಿಂದ ಹೊತ್ತು ತಂದ ಮನೆಗಳಲ್ಲಿ ನಡೆಯುವುದು ಬಹುತೇಕ ಒಂದೇ ಕಥೆ. ಮೊದಲ ಎರಡು ಮೂರು ದಿನ ಎಲ್ಲವೂ ಚೆನ್ನ. ಆಮೇಲೆ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡತೊಡಗುತ್ತವೆ. ನೋಡನೋಡುತ್ತಿದ್ದಂತೆ ಒಂದೊಂದೇ ಸತ್ತು ತೇಲುತ್ತದೆ. ಮೀನೇ ಸರಿಯಿರಲಿಲ್ಲ ಎಂದು ಅಂಗಡಿಯವರನ್ನು ದೂರುತ್ತೇವೆ. ಇಲ್ಲವೇ ನೀರು ಕೆಟ್ಟಿತೆಂದು ತೊಟ್ಟಿ ಖಾಲಿ ಮಾಡಿ, ಜಲ್ಲಿ ತಿಕ್ಕಿ ತೊಳೆದು, ಹೊಸ ನೀರು ತುಂಬಿ, ಹೊಸ ಮೀನು ಬಿಡುತ್ತೇವೆ. ಅವೂ ಸಾಯುತ್ತವೆ. ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ. ಅದರಲ್ಲಿ ಇರಬೇಕಾದ ಜೀವಿಗಳು ಮಾತ್ರ ಇನ್ನೂ ಬಂದಿರುವುದಿಲ್ಲ.

ಪ್ರೋಟೀನು ಅರಗಿದ ಮೇಲೆ ಉಳಿಯುವ ಸಾರಜನಕವನ್ನು ನಮ್ಮ ದೇಹ ಯೂರಿಯಾ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ. ಮೀನಿಗೆ ಅಷ್ಟು ಖರ್ಚು ಬೇಕಿಲ್ಲ. ಸುತ್ತಲೂ ನೀರೇ ಇರುವುದರಿಂದ ಅದು ಅಮೋನಿಯಾವನ್ನು ನೇರವಾಗಿ ಕಿವಿರಿನಿಂದ ಬಿಡುತ್ತದೆ. ಹೊಳೆಯಲ್ಲಾದರೆ ಅದು ಹರಿದುಹೋಗುತ್ತದೆ, ಎರಡಡಿ ಉದ್ದದ ತೊಟ್ಟಿಯ ಅರವತ್ತು ಲೀಟರಿನಲ್ಲಿ ಅಲ್ಲೇ ಉಳಿಯುತ್ತದೆ. ಅದರ ವಿಷ ಎಷ್ಟೆಂಬುದು ನೀರಿನ ಗುಣಕ್ಕೆ ತಕ್ಕಂತೆ ಬದಲಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಹೆಚ್ಚು ವಿಷಕಾರಿಯಾದ ರೂಪ ಸುಮಾರು ಶೇ 0.6ರಷ್ಟು. ಪಿಎಚ್ 8ಕ್ಕೆ ಏರಿದರೆ ಅದೇ ಶೇ 5 ದಾಟುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಕ್ಷಾರದ ಕಡೆಗೆ ವಾಲಿದ್ದು. ಅಲ್ಲಿ ಹೊಸ ತೊಟ್ಟಿ ಇಡುವವರು ಇನ್ನಷ್ಟು ಎಚ್ಚರವಾಗಿರಬೇಕು.

ಈ ಅಮೋನಿಯಾವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳಿವೆ. ಕೆಲವು ಅದನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟೂ ವಿಷವೇ, ಕಿವಿರಿನಿಂದ ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತದೆ, ಕೆಂಪು ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ನೀರಿನಲ್ಲಿ ಸಾಕಷ್ಟು ಆಮ್ಲಜನಕವಿದ್ದರೂ ಮೀನು ಉಸಿರುಕಟ್ಟಿ ಸಾಯಬಹುದು. ಬೇರೆ ಕೆಲವು ಸೂಕ್ಷ್ಮಜೀವಿಗಳು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಮೀನು ಬಹಳ ಮಟ್ಟಿಗೆ ತಾಳಿಕೊಳ್ಳುತ್ತದೆ, ಗಿಡಗಳು ಹೀರಿಕೊಳ್ಳುತ್ತವೆ, ಉಳಿದದ್ದನ್ನು ನಾವು ನೀರು ಬದಲಿಸಿ ತೆಗೆಯಬಹುದು.

ಇದು ಗೊತ್ತಾದದ್ದರ ಹಿಂದೆ ಒಂದು ತಂದೆ–ಮಗನ ಚರಿತ್ರೆಯಿದೆ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಗಾಜಿನ ಪಾತ್ರೆಯೊಂದರಲ್ಲಿ ಎರಡು ಗೋಲ್ಡ್ ಫಿಶ್, ವ್ಯಾಲಿಸ್ನೇರಿಯಾ ಎಂಬ ನೀರುಗಿಡ, ಕೆಲವು ಬಸವನಹುಳು ಇಟ್ಟು, ನೀರು ಬದಲಿಸದೆಯೇ ಮೀನು ಬದುಕುವುದನ್ನು ತೋರಿಸಿ ಮರುವರ್ಷ ಪ್ರಕಟಿಸಿದ. ಗಿಡ ಆಮ್ಲಜನಕ ಕೊಡುತ್ತದೆ, ಕೊಳೆತ ಎಲೆಯನ್ನು ಬಸವನಹುಳು ತಿನ್ನುತ್ತದೆ ಎಂಬುದು ಅವನ ವಿವರಣೆ. ಅದು ಸರಿಯೇ, ಆದರೆ ಅರ್ಧ. ಉಳಿದರ್ಧಕ್ಕೆ ಕೈಹಾಕಿದವನು ಅದೇ ಹೆಸರಿನ ಅವನ ಮಗ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹೊಲದ ಮಣ್ಣನ್ನು ಪರೀಕ್ಷಿಸುತ್ತಿದ್ದ ಕಿರಿಯ ವಾರಿಂಗ್ಟನ್, ಅಮೋನಿಯಾ ನೈಟ್ರೇಟ್ ಆಗುವುದು ಎರಡು ಹಂತಗಳಲ್ಲಿ, ಎರಡು ಬೇರೆ ಜೀವಿಗಳಿಂದ ಎಂದು ತೋರಿಸಿದ. ತಂದೆಯ ಗಾಜಿನ ಪಾತ್ರೆಯಲ್ಲಿ ಕಾಣದೇ ನಡೆದಿದ್ದ ಕೆಲಸವನ್ನು ಮಗ ಮಣ್ಣಿನಲ್ಲಿ ಕಂಡ. ಇದು ನನಗೆ ವಿಜ್ಞಾನದ ಅತ್ಯಂತ ಪ್ರೀತಿಯ ಪ್ರಸಂಗಗಳಲ್ಲೊಂದು. 1890ರ ಸುಮಾರಿಗೆ ರಷ್ಯಾದ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಈ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಬೆಳೆಸಿದ. ಕಥೆ ಅಲ್ಲಿಗೂ ಮುಗಿಯಲಿಲ್ಲ. ಎರಡೂ ಹಂತಗಳನ್ನು ಒಂದೇ ಬ್ಯಾಕ್ಟೀರಿಯಾ ಮಾಡಬಲ್ಲದು ಎಂದು 2015ರಲ್ಲಿ ತಿಳಿಯಿತು. ಅದನ್ನು ಕಂಡುಕೊಂಡ ಎರಡು ತಂಡಗಳಲ್ಲಿ ಒಂದಕ್ಕೆ ಅದು ದೊರೆತದ್ದು ಮೀನು ಸಾಕಣೆ ಘಟಕದ ಫಿಲ್ಟರಿನಲ್ಲೇ.

ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಮಯ ಬೇಕು. ಹಾಗಾಗಿ ಮೊದಲ ತಿಂಗಳು ಮೀನಿನದಲ್ಲ, ಅವುಗಳದು. ತೊಟ್ಟಿಯನ್ನು ಬಿಸಿಲು ನೇರ ಬೀಳದ ಕಡೆ, ಗಟ್ಟಿಯಾದ ಸಮತಟ್ಟು ಮೇಜಿನ ಮೇಲಿಡಿ. ನೀರು, ಜಲ್ಲಿ, ಗಾಜು ಸೇರಿ ಎರಡಡಿ ತೊಟ್ಟಿಯೂ ಎಂಬತ್ತು ಕಿಲೋ ಮೀರಬಹುದು. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಿ, ಅಥವಾ ಆ್ಯಂಟಿ ಕ್ಲೋರಿನ್ ಹನಿ ಹಾಕಿ. ಫಿಲ್ಟರ್ ಹಗಲೂ ರಾತ್ರಿ ಓಡಲಿ, ದಿನಾ ಒಂದು ಚಿಟಿಕೆ ಮೀನಿನ ಆಹಾರ ನೀರಿಗೆ ಬೀಳಲಿ. ಅದು ಕೊಳೆತು ಅಮೋನಿಯಾ ಹುಟ್ಟಿಸುತ್ತದೆ. ಗೆಳೆಯರ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯಿದ್ದರೆ ಅದರ ಫಿಲ್ಟರಿನ ಸ್ಪಂಜಿನ ಒಂದು ತುಂಡು ಕೇಳಿ ತನ್ನಿ. ಹಾಲಿಗೆ ಹೆಪ್ಪು ಬಿಟ್ಟಂತೆ ಅದು ಕೆಲಸ ಬೇಗ ಶುರುಮಾಡುತ್ತದೆ. ಇಲ್ಲದಿದ್ದರೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಪ್ರಗತಿ ಕಾಣುವುದು ಟೆಸ್ಟ್ ಕಿಟ್ಟಿನಲ್ಲಿ. ಬೆರಳುದ್ದದ ಗಾಜಿನ ಕೊಳವೆಗೆ ತೊಟ್ಟಿಯ ನೀರು ತುಂಬಿ, ಹನಿಗಳನ್ನು ಎಣಿಸಿ ಹಾಕಿ, ಕುಲುಕಿ, ಐದು ನಿಮಿಷ ಕಾಯಬೇಕು. ಸಾಮಾನ್ಯವಾಗಿ ಸಿಗುವ ಕಿಟ್‌ಗಳಲ್ಲಿ ಅಮೋನಿಯಾ ಇಲ್ಲದಿದ್ದರೆ ಹಳದಿ, ಹೆಚ್ಚಿದಂತೆ ಹಸಿರು. ಮೊದಲ ವಾರಗಳಲ್ಲಿ ಹಸಿರು ಗಾಢವಾಗುತ್ತಾ ಹೋಗಿ ಒಂದು ದಿನ ಮತ್ತೆ ಹಳದಿಗೆ ಇಳಿಯುತ್ತದೆ. ಆಗ ನೈಟ್ರೈಟ್ ಏರಿರುತ್ತದೆ, ಕೆಲ ದಿನಗಳಲ್ಲಿ ಅದೂ ಬೀಳುತ್ತದೆ. ಎರಡೂ ಸೊನ್ನೆಯಾಗಿ ನೈಟ್ರೇಟ್ ಮಾತ್ರ ಕಂಡರೆ ನೀರು ಮೀನಿಗೆ ಸಿದ್ಧ.

ಒಂದೇ ತೊಟ್ಟಿಯಲ್ಲಿ ಹಲವು ಜಾತಿ ಇಡುವಾಗ ನಿಮ್ಮ ನೀರನ್ನು ನೋಡಿ ಮೀನು ಆರಿಸಿ. ಗಪ್ಪಿ, ಮೊಲ್ಲಿ, ಪ್ಲಾಟಿಗಳಿಗೆ ಗಡಸು ನೀರು ಒಗ್ಗುತ್ತದೆ. ಅಮೆಜಾನಿನ ನಿಯಾನ್ ಟೆಟ್ರಾಗೆ ಮೆದು ನೀರು ಬೇಕು. ನಮ್ಮ ಉಪಖಂಡದ್ದೇ ಆದ ಜೀಬ್ರಾ ಡೇನಿಯೊ ಎರಡಕ್ಕೂ ಹೊಂದಿಕೊಳ್ಳುತ್ತದೆ. ಇದು ಜಗತ್ತಿನ ತಳಿವಿಜ್ಞಾನ ಪ್ರಯೋಗಾಲಯಗಳಲ್ಲೂ ಈಜುತ್ತಿರುವ ಮೀನು. ಡೇನಿಯೊ ಮೇಲ್ಭಾಗದಲ್ಲಿ ಓಡಾಡಿದರೆ, ಕೋರಿಡೋರಸ್ ಎಂಬ ಮೀನು ಮೀಸೆಯಿಂದ ತಳ ತಡಕುತ್ತದೆ. ಅದನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂರಿ: ಇದ್ದಕ್ಕಿದ್ದಂತೆ ಬಾಣದಂತೆ ಮೇಲೇರಿ, ಒಂದು ಗುಟುಕು ಗಾಳಿ ನುಂಗಿ, ಮರಳಿ ತಳಕ್ಕಿಳಿಯುತ್ತದೆ. ಆ ಗಾಳಿಯ ಆಮ್ಲಜನಕವನ್ನು ಅದು ಕರುಳಿನಿಂದ ಹೀರುತ್ತದೆ. ಗುಂಪಿನಲ್ಲಿ ಬಾಳುವ ಜಾತಿಯ ಮೀನನ್ನು ಒಂದೋ ಎರಡೋ ತರಬಾರದು, ಆರಾದರೂ ಇರಲಿ. ನಿಯಾನ್ ಟೆಟ್ರಾ ಜೊತೆ ದೊಡ್ಡ ಏಂಜೆಲ್ ಮೀನು ಬೇಡ, ಅದು ತಿಂದುಹಾಕುತ್ತದೆ. ಟೈಗರ್ ಬಾರ್ಬ್ ಇದ್ದ ಕಡೆ ಗಪ್ಪಿಯ ರೆಕ್ಕೆ ಉಳಿಯುವುದಿಲ್ಲ. ಪಶ್ಚಿಮ ಘಟ್ಟದ ಕೆಂಪು ಪಟ್ಟೆಯ ಡೆನಿಸನ್ ಬಾರ್ಬ್ ಎಷ್ಟೇ ಚೆಂದವಿದ್ದರೂ ಚಿಕ್ಕ ತೊಟ್ಟಿಗಲ್ಲ. ಅಳಿವಿನಂಚಿನ ಆ ಮೀನನ್ನು ಹೊಳೆಯಿಂದ ಹಿಡಿದು ತಂದದ್ದಾದರೆ ಕೊಳ್ಳಲೇಬೇಡಿ.

ಆಮೇಲಿನ ಆರೈಕೆ ಕಡಿಮೆ. ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಆಹಾರ, ವಾರಕ್ಕೊಮ್ಮೆ ಕಾಲು ಭಾಗ ನೀರಿನ ಬದಲಾವಣೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಬೇಡಿ, ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿ. ಕರೆಂಟ್ ಹೋಗುವ ಊರುಗಳಲ್ಲಿ ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ. ಮೀನಿನಂತೆ ಈ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಬೇಸಿಗೆಯಲ್ಲಿ ಇದು ಇನ್ನೂ ಮುಖ್ಯ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಿಲಿಗ್ರಾಂ ಮಾತ್ರ.

ಪಾಚಿ ತಿನ್ನುತ್ತದೆಂದು ಅಂಗಡಿಯವರು ಬೆರಳುದ್ದದ ಸಕ್ಕರ್ ಮೀನು ಕೊಡಲು ಬಂದರೆ ಬೇಡ ಎನ್ನಿ. ದಕ್ಷಿಣ ಅಮೆರಿಕದ ಈ ಮೀನು ಒಂದೂವರೆ ಅಡಿವರೆಗೆ ಬೆಳೆಯುತ್ತದೆ. ತೊಟ್ಟಿಯಲ್ಲಿ ಹಿಡಿಸದಾದಾಗ ಜನ ಕೆರೆಗೆ ಬಿಟ್ಟಿದ್ದಾರೆ. ಅದು ಈಗ ದೇಶದ ಹಲವೆಡೆ ಕೆರೆದಡ ಕೊರೆದು ಬಿಲ ಮಾಡಿ ಮೊಟ್ಟೆಯಿಡುತ್ತಿದೆ, ಗಡಸು ಮುಳ್ಳಿನಿಂದ ಮೀನುಗಾರರ ಬಲೆ ಹರಿಯುತ್ತಿದೆ. ಈಗಾಗಲೇ ಮನೆಯಲ್ಲಿದ್ದರೆ ಅಂಗಡಿಗೆ ಹಿಂತಿರುಗಿಸಿ, ದೊಡ್ಡ ತೊಟ್ಟಿಯುಳ್ಳವರಿಗೆ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ.