ಬುಟ್ಟಿ ಕಟ್ಟಿಸಿದ ಡ್ರಿಲ್ ಮೇಷ್ಟ್ರು

ಡ್ರಿಲ್ ಮೇಷ್ಟ್ರು ಅಂದ್ರೆ ಸೀಟಿ, ಬೆತ್ತ, ಬಿಸಿಲಲ್ಲಿ ಓಟ. ಸ್ಟಾಫ್ ರೂಮಿನಲ್ಲಿ ಅವರಿಗೆ ಕೊನೇ ಕುರ್ಚಿ. ಆದರೆ ನಮ್ಮ ಹುಡುಗರು ಆಡುವ ಬ್ಯಾಸ್ಕೆಟ್‌ಬಾಲ್ ಇದೆಯಲ್ಲ, ಅದು ಅಂಥ ಒಬ್ಬ ಮೇಷ್ಟ್ರ ಕೂಸು. ಹೆಸರು ಜೇಮ್ಸ್ ನೈಸ್ಮಿತ್.

1861ರಲ್ಲಿ ಕೆನಡಾದಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ವಿಷಮಶೀತ ಜ್ವರ ತಂದೆತಾಯಿ ಇಬ್ಬರನ್ನೂ ಕೊಂಡೊಯ್ದಿತು. ಬೆಳೆದು ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ವ್ಯಾಯಾಮ ಶಿಕ್ಷಕರಾದರು. 1891ರ ಚಳಿಗಾಲ. ಹೊರಗೆ ಆಡೋ ಹಾಗಿಲ್ಲ, ಒಳಗೆ ಬರೀ ಕವಾಯತು ಮಾಡಿ ಹುಡುಗರಿಗೆ ಬೇಸರ. ಹೊಸ ಆಟ ಹುಡುಕಲು ಮೇಲಿನವರು ಕೊಟ್ಟದ್ದು 14 ದಿನ. ಮೇಷ್ಟ್ರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು 10 ಅಡಿ ಎತ್ತರಕ್ಕೆ ಹೊಡೆಸಿದರು. 13 ನಿಯಮ ಬರೆದು ಗೋಡೆಗೆ ಅಂಟಿಸಿದರು. ಆಟ ಹುಟ್ಟಿತು.

1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರ ತಂಡದ ಗೆಲುವು 55, ಸೋಲು 60! ಅಂಗಡಿ ಲೆಕ್ಕದಲ್ಲಿ ನಷ್ಟದ ವ್ಯಾಪಾರವೇ.

ಮೇಷ್ಟ್ರ ಲೆಕ್ಕ ಬೇರೆ ಇತ್ತು. 1933ರಲ್ಲಿ ಜಾನ್ ಮೆಕ್‌ಲೆಂಡನ್ ಎಂಬ ಕರಿಯ ಹುಡುಗ ಓದಲು ಬಂದ. ಬಣ್ಣದ ಕಾರಣಕ್ಕೆ ಕಾಲೇಜು ತಂಡದಲ್ಲಿ ಜಾಗವಿಲ್ಲ. ನೈಸ್ಮಿತ್ ಅವನ ಬೆನ್ನಿಗೆ ನಿಂತರು, ತರಬೇತಿಯ ವಿದ್ಯೆ ಕಲಿಸಿದರು. ಅದೇ ಹುಡುಗ ಮುಂದೆ ಟೆನೆಸೀ ಸ್ಟೇಟ್ ತಂಡದ ಕೋಚ್ ಆಗಿ 1957, 58, 59 ಮೂರೂ ವರ್ಷ ಬಿಳಿಯರ ತಂಡಗಳೂ ಆಡುವ ರಾಷ್ಟ್ರೀಯ ಟೂರ್ನಿ ಗೆದ್ದ.

ನೋಡಲು ಮೇಷ್ಟ್ರು ಇರಲಿಲ್ಲ, 1939ರಲ್ಲೇ ತೀರಿಕೊಂಡಿದ್ದರು. ಆ 60 ಸೋಲಿನ ಪಕ್ಕ ಈ ಮೂರು ಗೆಲುವನ್ನೂ ಬರೆದುಕೊಳ್ಳಿ ಸ್ವಾಮಿ.