ಬೋರ್ಡು ಒರೆಸಿದ ಮೇಲೆ

‘ಇವನು ವಿಷುವಲ್ ಲರ್ನರ್, ನೋಡಿ ಕಲಿಯುವವನು. ಬರವಣಿಗೆಗೆ ಒತ್ತಾಯ ಮಾಡಬೇಡಿ.’ ಪೋಷಕರ ಸಭೆಗಳಲ್ಲಿ ಈಗ ಇಂಥ ಮಾತು ಕಿವಿಗೆ ಬೀಳುತ್ತದೆ. ಏಳನೇ ತರಗತಿಗೆ ಬಂದರೂ ಸ್ವಂತವಾಗಿ ನಾಲ್ಕು ಸಾಲು ಬರೆಯಲಾರದ ಹುಡುಗನ ತಾಯಿಗೆ ಅದರಿಂದ ಸಮಾಧಾನವಾಗಬಹುದು. ನನಗೆ ದಿಗಿಲಾಗುತ್ತದೆ.

ನೋಡುವವರು, ಕೇಳುವವರು, ಓದಿ ಬರೆಯುವವರು, ಮಾಡಿ ಕಲಿಯುವವರು ಎಂದು ವಿಂಗಡಿಸುವ ‘ವಾರ್ಕ್’ ಪ್ರಶ್ನಾವಳಿ ನ್ಯೂಜಿಲೆಂಡ್‌ನ ನೀಲ್ ಫ್ಲೆಮಿಂಗ್ ರೂಪಿಸಿದ್ದು. ಇಂಥ ಶೈಲಿಗಳ ಕುರಿತ ಅಧ್ಯಯನಗಳನ್ನು ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಜಾಲಾಡಿದರು. ಮಗುವಿನ ‘ಶೈಲಿ’ಗೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಮಕ್ಕಳಿಗೆ ಇಷ್ಟಾನಿಷ್ಟಗಳಿವೆ, ನಿಜ. ಆದರೆ ಭೂಪಟವನ್ನು ನೋಡಿಯೇ ತಿಳಿಯಬೇಕು, ಲಕಾರ ಳಕಾರದ ವ್ಯತ್ಯಾಸವನ್ನು ಕೇಳಿಯೇ ಹಿಡಿಯಬೇಕು.

ಬರೆಯುವುದರ ಬಲವೇನು? 2006ರಲ್ಲಿ ಪ್ರಕಟವಾದ ರೋಡಿಗರ್ ಮತ್ತು ಕಾರ್ಪಿಕೆ ಅವರ ಪ್ರಯೋಗದಲ್ಲಿ ಒಂದು ಗುಂಪಿನ ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನೊಂದು ಗುಂಪು ಓದಿದ್ದನ್ನು ಪಕ್ಕಕ್ಕಿಟ್ಟು, ನೆನಪಾದಷ್ಟನ್ನು ಮೂರು ಸಲ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಅವರಲ್ಲಿ ಉಳಿದದ್ದು ಸುಮಾರು ಶೇ 40, ಬರೆದವರಲ್ಲಿ ಶೇ 61.

ಹಾಗಾದರೆ ನಮ್ಮ ಮಕ್ಕಳು ಬರೆಯುತ್ತಿಲ್ಲವೇ? ಬೆರಳು ನೋಯುವಷ್ಟು ಬರೆಯುತ್ತಾರೆ. ಬೋರ್ಡಿನಿಂದ ನೋಟ್ಸು, ಗೈಡಿನಿಂದ ಪ್ರಶ್ನೋತ್ತರ, ತಪ್ಪಿದರೆ ಹತ್ತು ಸಲ ಇಂಪೊಸಿಷನ್. ಅಕ್ಷರ ಕಣ್ಣಿನಿಂದ ಕೈಗೆ ಇಳಿಯುವಾಗ ಮನಸ್ಸು ಆಟದ ಬಯಲಿನಲ್ಲಿರಬಹುದು. ಉಕ್ತಲೇಖನ ಇದಕ್ಕಿಂತ ಮೇಲು. ಕಿವಿ ತೆರೆದಿರಬೇಕು, ‘ಶಂಖ’ಕ್ಕೆ ಮಹಾಪ್ರಾಣವೆಂಬ ಎಚ್ಚರ ಇರಬೇಕು. ಅದಕ್ಕೂ ಮೇಲಿನದು, ಮಗು ತನ್ನ ವಾಕ್ಯವನ್ನು ತಾನೇ ಕಟ್ಟುವುದು. ಬೇಸಿಗೆಯಲ್ಲಿ ಬಾವಿಯ ನೀರು ಏಕೆ ಇಳಿಯುತ್ತದೆ ಎಂದು ಬರೆಯಹೊರಟ ಹುಡುಗಿಯ ಪೆನ್ಸಿಲ್ಲು ‘ಏಕೆಂದರೆ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ತನಗೆ ಗೊತ್ತಿಲ್ಲವೆಂಬುದು ಅವಳಿಗೆ ಗೊತ್ತಾಗುವುದು ಅಲ್ಲೇ. ಬಾಯಿಮಾತಿನಲ್ಲಾದರೆ ಕೈಯಾಡಿಸಿ ದಾಟಿಬಿಡಬಹುದಿತ್ತು.

ಹೊಸ ಯೋಜನೆ ಏನೂ ಬೇಡ. ಪೀರಿಯಡ್ಡಿನ ಕೊನೆಯ ಐದು ನಿಮಿಷ ಬೋರ್ಡು ಒರೆಸಿ, ಪುಸ್ತಕ ಮುಚ್ಚಿಸಿ, ಇವತ್ತು ತಿಳಿದದ್ದನ್ನು ನಾಲ್ಕು ವಾಕ್ಯ ಬರೆಯಿರಿ ಅಂದರೆ ಸಾಕು. ಧಾರವಾಡದ ಹುಡುಗ ‘ನೀರು ತಳಕ್ಕ ಹೋಗೇತಿ’ ಎಂದು ಬರೆದರೆ ಕೆಂಪು ಶಾಯಿ ಕಾಯಲಿ, ಮೊದಲು ಅವನು ಹೇಳಿದ್ದನ್ನು ಓದೋಣ. ಎಲ್ಲ ನೋಟ್‌ಬುಕ್ಕು ತಿದ್ದಲು ಮೇಷ್ಟ್ರಿಗೆ ಬಿಡುವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ನಲವತ್ತು ಮಕ್ಕಳಿದ್ದರೆ, ದಿನಕ್ಕೆ ಐದರಂತೆ ನೋಡಿದರೂ ಎಂಟು ದಿನಕ್ಕೊಮ್ಮೆ ಪ್ರತಿ ಮಗುವಿನ ಸರದಿ ಬರುತ್ತದೆ.