ಚಿಲ್ಲರೆಯ ಕಾಟವೂ ಚೌಕದ ಚಿತ್ರವೂ

ಮೊನ್ನೆ ಭಾನುವಾರ ನಮ್ಮ ತಾಯಿಯವರು ಬೊರಿವಲಿ ಸ್ಟೇಷನ್ನಿನ ಬಳಿಯ ಮಾರುಕಟ್ಟೆಗೆ ಹೋಗಿ ಬರಿಯ ಚೀಲದೊಡನೆ ಹಿಂದಿರುಗಿದರು. ಕೈಯಲ್ಲಿದ್ದುದು ಐನೂರರ ನೋಟು. ಆರಿಸಿಕೊಂಡದ್ದು ನಲವತ್ತು ರೂಪಾಯಿಯ ಸೊಪ್ಪು. ಮಾರುವವಳು “ಚಿಲ್ಲರೆ ಇಲ್ಲ” ಎಂದು ತಕ್ಕಡಿಯ ಪಕ್ಕದ ಚೌಕದ ಚಿತ್ರವನ್ನು, ಅಂದರೆ ಕ್ಯೂಆರ್ ಕೋಡನ್ನು, ತೋರಿಸಿದಳಂತೆ. ಸಂಜೆ ನಮ್ಮ ಅಣ್ಣನ ಮಗಳು ಅದೇ ಚಿತ್ರಕ್ಕೆ ಮೊಬೈಲು ಹಿಡಿದು ಸೊಪ್ಪು ತಂದಳು. ಒಂದೇ ಮನೆ, ಒಂದೇ ಅಂಗಡಿ. ಅಜ್ಜಿಯ ದುಡ್ಡು ನಡೆಯಲಿಲ್ಲ, ಮೊಮ್ಮಗಳದು ನಡೆಯಿತು!

ತರುಣರಿಗೆ ಇದೊಂದು ಷೋಕಿ ಎಂದೇ ನಾವು ತಿಳಿದಿದ್ದೆವು. ವಿಚಾರಿಸಿ ನೋಡಿದರೆ ಹಾಗಲ್ಲ. ಮೊದಲನೆಯ ಕಾರಣ ಚಿಲ್ಲರೆ. 2025ರ ಫೆಬ್ರವರಿಯಲ್ಲಿ ಮುಂಬಯಿಯ ರಿಕ್ಷಾದ ಕನಿಷ್ಠ ಬಾಡಿಗೆ 26 ರೂಪಾಯಿಯಾಯಿತು. ಮೂವತ್ತು ಕೊಟ್ಟವನಿಗೆ ನಾಲ್ಕು ಮರಳಿ ಬಂದರೆ ಅದು ಅವನ ಪುಣ್ಯ. ಎರಡನೆಯದು ಹೊತ್ತು: ಚರ್ಚ್‌ಗೇಟ್ ಲೋಕಲ್ ಹಿಡಿಯಲು ಓಡುವವನಿಗೆ ಚಿಲ್ಲರೆ ಎಣಿಸುವ ವ್ಯವಧಾನವೆಲ್ಲಿ? ಮೂರನೆಯದು ಸಹವಾಸ. ನಾಲ್ವರು ಗೆಳೆಯರು ಉಡುಪಿ ಹೋಟೆಲಿನಲ್ಲಿ ದೋಸೆ ತಿಂದರೆ ಬಿಲ್ಲು ಕೊಡುವವನೊಬ್ಬ. ಮೇಜಿನಿಂದ ಏಳುವುದರೊಳಗೆ ಉಳಿದವರ ಪಾಲು ಅವನಿಗೆ ತಲುಪಿರುತ್ತದೆ. ಈ ಬಳಗದಲ್ಲಿ ನೋಟು ತೆಗೆಯುವವನೇ ಪರಕೀಯ.

ಈ ಚೌಕವು 1994ರಲ್ಲಿ ಜಪಾನಿನಲ್ಲಿ ಹುಟ್ಟಿದ್ದು ಮೋಟಾರಿನ ಬಿಡಿಭಾಗಗಳ ಲೆಕ್ಕ ಇಡಲೆಂದು. ನಮ್ಮಲ್ಲಿ ಹಣ ದಾಟಿಸುವ ಯುಪಿಐ ಏರ್ಪಾಡು 2016ರ ಏಪ್ರಿಲಿನಲ್ಲಿ ಬಂದಿತು. ಅದೇ ನವೆಂಬರಿನ ನೋಟು ರದ್ದತಿ ಅದಕ್ಕೆ ಬಲ ಕೊಟ್ಟಿತು. 2020ರ ಜನವರಿಯಿಂದ ಅಂಗಡಿಯವರ ಮೇಲಿನ ಬ್ಯಾಂಕಿನ ಶುಲ್ಕ ರದ್ದಾಯಿತು. ಆ ವರ್ಷವೇ ನೋಟು ಮುಟ್ಟಲು ಅಂಜುವ ಕೊರೋನಾ ಕಾಲವೂ ಬಂದಿತು. 2023ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ ಸಾವಿರ ಕೋಟಿಗೂ ಹೆಚ್ಚು ಪಾವತಿಗಳು ನಡೆದವು.

ಇಷ್ಟೆಲ್ಲ ಸರಿ. ಆದರೆ ಹಿಂದೆ ಸಂಬಳದ ಲಕೋಟೆ ಮನೆಗೆ ಬಂದು ತಾಯಿಯ ಕೈಸೇರುತ್ತಿತ್ತು. ಯಾರಿಗೆ ಎಷ್ಟು ಖರ್ಚೆಂದು ಮನೆಗೇ ತಿಳಿಯುತ್ತಿತ್ತು. ಈಗ ದುಡಿಮೆಯೂ ಖರ್ಚೂ ಒಂದೇ ಮೊಬೈಲಿನೊಳಗೆ. “ಚಿಕ್ಕಪ್ಪ, ನೋಟು ಮುರಿಸುವಾಗ ಮನಸ್ಸು ಹಿಂಜರಿಯುತ್ತಿತ್ತು, ಈಗ ಹೋದದ್ದೇ ಗೊತ್ತಾಗುವುದಿಲ್ಲ,” ಎಂದು ಹುಡುಗಿಯೇ ಒಪ್ಪಿಕೊಂಡಳು. ತಾಯಿಯವರದು ಬೇರೆ ಭಯ: “ಒಂದು ಅಂಕಿ ತಪ್ಪಿದರೆ ದುಡ್ಡು ಯಾರ ಪಾಲು?”

ಆದುದರಿಂದ ನಮ್ಮ ಮನೆಯಲ್ಲಿ ಒಂದು ಒಪ್ಪಂದವಾಗಿದೆ. ಮೊಮ್ಮಗಳು ಅಜ್ಜಿಗೆ ಕೋಡು ಕಲಿಸಬೇಕು: ಹೆಸರು ಓದಿದ ಮೇಲೆಯೇ ಹಣ ಕಳಿಸುವುದು, ಹಣ ಪಡೆಯಲು ಗುಟ್ಟಿನ ಅಂಕಿ ಒತ್ತಬೇಕಾಗಿಲ್ಲ, ಒತ್ತು ಎಂದವನು ಕಳ್ಳನೇ, ಮೋಸವಾದರೆ ತಡಮಾಡದೆ 1930ಕ್ಕೆ ಫೋನು ಮಾಡುವುದು. ಪ್ರತಿಯಾಗಿ, ಭಾನುವಾರದ ಕಾಫಿಯ ಹೊತ್ತಿಗೆ ಮೊಮ್ಮಗಳು ವಾರದ ಖರ್ಚನ್ನು ಅಜ್ಜಿಯ ಮುಂದೆ ಓದಿ ಹೇಳಬೇಕು.

ಕಳೆದ ವಾರ ತಾಯಿಯವರು ತಾವೇ ನಲವತ್ತು ರೂಪಾಯಿ ಕೊಟ್ಟು ಸೊಪ್ಪು ತಂದರು. ಮೊಮ್ಮಗಳ ಲೆಕ್ಕ ಮಾತ್ರ ಇನ್ನೂ ಕೂಡಿಬಂದಿಲ್ಲ.